ಹೆಸರು ಹಾಕಿಸಿದ ಬೋಗುಣಿ

ನಮ್ಮ ಮನೆಯಲ್ಲಿ ಒಂದು ತಾಮ್ರದ ಬೋಗುಣಿ ಇತ್ತು. ಇಬ್ಬರು ಹಿಡಿದು ಎತ್ತಬೇಕಾದಂಥದ್ದು. ಅದರ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಲ್ಲಿ ನಮ್ಮ ಆಯಿಯ ಹೆಸರು. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ಕೊಂಡ ದಿನವೇ, ಅಂಗಡಿಯ ಕಟ್ಟೆಯ ಮೇಲೆ ಕೂತು ಹೆಸರು ಹಾಕುವವನಿಂದ ಹಾಕಿಸಿದ್ದಂತೆ. ಸಣ್ಣ ಸುತ್ತಿಗೆ, ಮೊನೆಯಾದ ಉಳಿ, ಟಕ್ ಟಕ್ ಟಕ್. ಅಕ್ಷರಗಳು ಸಾಲು ತಪ್ಪಿ ಬಲಕ್ಕೆ ಏರಿದ್ದವು. ಆಯಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ. ಓದಲು ಬಂದರೆ ಸಾಕಿತ್ತು.

ಆ ಬೋಗುಣಿ ನಮ್ಮ ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ನಮ್ಮ ಓಣಿಯಲ್ಲಿ ಲಿಂಗಾಯತರು, ಮುಸಲ್ಮಾನರು, ಮರಾಠರು, ನಾವು ನಾಲ್ಕಾರು ಕ್ರೈಸ್ತ ಮನೆಯವರು. ಯಾರ ಮನೆಯಲ್ಲಿ ಲಗ್ನ ಬಂದರೂ, ತೊಟ್ಟಿಲು ಬಂದರೂ, ಸತ್ತವರ ದಿನ ಬಂದರೂ ಆ ಮನೆಯ ಹುಡುಗರಿಬ್ಬರು ಒಂದು ಬಡಿಗೆ ತಂದು, ಬೋಗುಣಿಯ ಕಿವಿಗೆ ಸಿಕ್ಕಿಸಿ ಹೊತ್ತೊಯ್ಯುತ್ತಿದ್ದರು. ತಿರುಗಿ ಬರುವಾಗ ಒಳಗೆ ಒಂದಿಷ್ಟು ಹುಗ್ಗಿಯೋ ಪಲಾವೋ ಬಂದೇ ಬರುತ್ತಿತ್ತು, ಬರಿದಾಗಿ ಕಳಿಸುವ ರೂಢಿ ಇರಲಿಲ್ಲ. ಕೆಲವೊಮ್ಮೆ ಒಂದು ಮನೆಯಿಂದ ನೇರ ಇನ್ನೊಂದು ಮನೆಗೆ ಹೋಗಿ, ತಿಂಗಳಾದರೂ ಬರುತ್ತಿರಲಿಲ್ಲ. ಕಲಾಯಿ ಹೋಗಿದ್ದರೆ ಕೊನೆಗೆ ಬಳಸಿದವರೇ ಹಾಕಿಸಿ ಕಳಿಸುತ್ತಿದ್ದರು.

ಎಲ್ಲರೂ ಒಯ್ಯುವುದಾದರೆ ಅದರ ಮೇಲೆ ಹೆಸರು ಯಾಕೆ ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ. ಆಯಿ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಹೆಸರು ಇಲ್ಲಂದ್ರ ಕೊಡಾಕ ಧೈರ್ಯ ಬರೂದಿಲ್ಲ ಬೇ. ಹೆಸರು ಇದ್ದರ ಯಾರಿಗೆ ಬೇಕಾದರೂ ಕೊಡಬಹುದು, ಎಲ್ಲಿಗೆ ಹೋದರೂ ತಿರುಗಿ ಬರತೈತಿ.”

ನನ್ನದು ಅನ್ನುವುದು ಕೊಡಲಿಕ್ಕೆ ಬೇಕಾದ ಧೈರ್ಯ ಎಂಬ ಈ ಮಾತನ್ನು ನಾನು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಹುಡುಕಿದ್ದೇನೆ. ಆಸ್ತಿಯ ಬಗ್ಗೆ ಬರೆದವರು ಸಾಮಾನ್ಯವಾಗಿ ಎರಡು ಕಡೆ ನಿಲ್ಲುತ್ತಾರೆ: ಇಟ್ಟುಕೋ ಅನ್ನುವವರು, ಬಿಟ್ಟುಬಿಡು ಅನ್ನುವವರು. ಇಟ್ಟುಕೊಂಡೇ ಊರಿಗೆ ಬಿಟ್ಟುಕೊಟ್ಟ ಆಯಿಯಂಥವರ ಬಗ್ಗೆ ಬರೆದದ್ದು ಕಡಿಮೆ.

ಈಗ ನಮ್ಮ ಅಟ್ಟದ ಮೇಲೆ ಸ್ಟೀಲಿನ ಭಾಂಡೆ ಎಷ್ಟಿವೆಯೋ. ಲಗ್ನದಲ್ಲಿ ಬಂದವು, ಮನೆ ಪ್ರವೇಶದಲ್ಲಿ ಬಂದವು, ರಿಟರ್ನ್ ಗಿಫ್ಟ್ ಅಂತ ಬಂದವು. ಕೆಲವನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆದೇ ಇಲ್ಲ. ಯಾರಾದರೂ ಕೇಳಿದರೆ ಕೊಡಬಹುದು, ಆದರೆ ಯಾರೂ ಕೇಳುವುದಿಲ್ಲ, ಅವರ ಅಟ್ಟದ ಮೇಲೂ ಅಷ್ಟೇ ಇವೆ. ಲಗ್ನಕ್ಕೆ ಕೇಟರಿಂಗಿನವರು ತಮ್ಮ ಪಾತ್ರೆ ತಾವೇ ತರುತ್ತಾರೆ. ಇದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಒಂದೊಂದು ಲಗ್ನಕ್ಕೆ ಓಣಿಯ ಹೆಂಗಸರು ಎರಡು ದಿನ ಹೊಗೆ ಕುಡಿದದ್ದನ್ನು ಕಣ್ಣಾರೆ ಕಂಡವಳು ನಾನು, ಆ ಹೊಗೆ ಮತ್ತೆ ಬರಲಿ ಅನ್ನಲಾರೆ. ಹಿಂದೆ ಸಾಮಾನು ಕಡಿಮೆ ಇತ್ತು, ಅದಕ್ಕೆ ತಿರುಗಾಟ ಹೆಚ್ಚಿತ್ತು; ಈಗ ಸಾಮಾನು ಹೆಚ್ಚಾಗಿದೆ, ತಿರುಗಾಟ ನಿಂತಿದೆ. ಇದಿಷ್ಟು ಮನಸ್ಸಿಗೆ ಹತ್ತುತ್ತದೆ.

ಸರಳ ಜೀವನ ಅಂದಕೂಡಲೆ ನಮ್ಮ ಕ್ರೈಸ್ತ ಸಭೆಯ ಅನೇಕರ ಕಣ್ಣಿಗೆ ಬರುವುದು ಬಿಳಿ ಸೀರೆ, ಬರಿಗೊರಳು, ಹೂವಿಲ್ಲದ ತುರುಬು. ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಚಿತ್ರ ಅದು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಆ ಮಿಶನ್ ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ಠಾಣ್ಯ ಹೂಡಿತು. ಬಂದವರು ಹೆಚ್ಚಾಗಿ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ದುಡಿಮೆ, ಮಿತವ್ಯಯ, ಹೊತ್ತಿಗೆ ಸರಿಯಾಗಿ ಪ್ರಾರ್ಥನೆ, ಲೆಕ್ಕದ ಪುಸ್ತಕ: ಇವು ಅವರ ರಕ್ತದಲ್ಲಿದ್ದವು. ಆ ಲೆಕ್ಕದ ಶಿಸ್ತು ನಮ್ಮ ಹಿರಿಯರಿಗೂ ಅಂಟಿತು. ಸಾಲ ಮಾಡಿ ಹಬ್ಬ ಮಾಡಬಾರದು ಅನ್ನುವ ಕಟ್ಟುನಿಟ್ಟು ನಮ್ಮ ಮನೆಗಳಿಗೆ ಆ ಕಡೆಯಿಂದಲೇ ಬಂದದ್ದು, ಅದಕ್ಕೆ ನಾನು ಋಣಿ. ಆದರೆ ಬಿಳಿ ಸೀರೆ ಉಟ್ಟವಳ ಟ್ರಂಕಿನಲ್ಲಿ ಏನಿದೆ, ಅವಳ ಬಾಗಿಲು ಯಾರಿಗೆ ತೆರೆದಿದೆ ಎಂಬುದನ್ನು ಆ ಸೀರೆ ಹೇಳುವುದಿಲ್ಲ. ಬರಿಗೊರಳ ಅಭಿಮಾನವೂ ಬಂಗಾರದಷ್ಟೇ ತೂಕದ ಆಸ್ತಿಯಾಗಬಲ್ಲದು.

ಆ ಬಾಸೆಲಿನಿಂದ ಬಂದವರಲ್ಲೇ ಒಬ್ಬರು ಈ ವಿಷಯವಾಗಿ ತಮ್ಮವರ ಜೊತೆಗೇ ಜಗಳ ತೆಗೆದರು. ಫರ್ಡಿನಾಂಡ್ ಕಿಟೆಲ್. ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲಂಚಿನ ಸೀಮೆಯಲ್ಲಿ. 1853ರಲ್ಲಿ ಕರ್ನಾಟಕಕ್ಕೆ ಬಂದಾಗ ಇಪ್ಪತ್ತೊಂದರ ಹರೆಯ. ಬಂದ ಹೊಸದರಲ್ಲಿ ಇದ್ದದ್ದು ನಮ್ಮ ಧಾರವಾಡದ ಕಡೆ. ಮಿಶನ್ನಿನ ಹಿರಿಯರು ಬಂಗಲೆ ಕಟ್ಟಿಕೊಂಡು, ಯುರೋಪಿನ ರೀತಿಯಲ್ಲೇ ಬಾಳುವೆ ಮಾಡುತ್ತ, ಗುಡಿಸಲಿನವರಿಗೆ ಬಡ ಯೇಸುವಿನ ಸುದ್ದಿ ಹೇಳುವುದು ಆ ಹುಡುಗನಿಗೆ ಸರಿ ಕಾಣಲಿಲ್ಲ. ಈ ನಾಡಿನವರ ನಡುವೆ ಈ ನಾಡಿನವರಂತೆಯೇ ಇರಬೇಕು ಎಂದು ಹಟ ಹಿಡಿದರು. ಹಿರಿಯರಿಗೆ ಅದು ರುಚಿಸಲಿಲ್ಲ. ಮೇಲಿನವರ ಕಣ್ಣಿಗೆ ಅವರು ಹೊಂದಿಕೊಳ್ಳದ ಮನುಷ್ಯರಾದರು, ಮಿಶನ್ನಿನೊಳಗೆ ಬಹಳ ಕಾಲ ಒಂಟಿಯಾಗಿಯೇ ಉಳಿದರು.

ಬಂಗಲೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಜ್ವರ, ಕಾಲರಾ, ಬಿಸಿಲಿಗೆ ಆ ಬಿಳಿಯ ಮಂದಿ ಹುಳುಗಳ ಹಾಗೆ ಸಾಯುತ್ತಿದ್ದ ಕಾಲ ಅದು. ಎತ್ತರದ ಚಾವಣಿ, ಅಗಲ ಪಡಸಾಲೆ ಎಲ್ಲವೂ ಷೋಕಿಯೇ ಆಗಿರಲಿಲ್ಲ. ಕಿಟೆಲ್ಲರ ಮೊದಲ ಹೆಂಡತಿಯೇ ಮದುವೆಯಾಗಿ ಕೆಲವೇ ವರ್ಷಗಳಲ್ಲಿ, 1864ರಲ್ಲಿ ತೀರಿಕೊಂಡರು. ಹಾಗಿದ್ದೂ ಕಿಟೆಲ್ಲರ ಪ್ರಶ್ನೆಗೆ ಜೀವ ಉಳಿದೇ ಇದೆ. ಸರಳವಾಗಿರಿ ಎಂದು ಯಾರು ಯಾರಿಗೆ, ಎಲ್ಲಿ ನಿಂತು ಹೇಳುತ್ತಿದ್ದಾರೆ?

ಇಷ್ಟು ಕಡಿಮೆಯಲ್ಲಿ ಬದುಕಬಯಸಿದ ಆ ಮನುಷ್ಯ ಆಮೇಲೆ ಮಾಡಿದ್ದೇನು? ಕೂಡಿಹಾಕುವ ಕೆಲಸ! ಓಲೆಗರಿ, ಶಾಸನ, ಗಾದೆ, ಒಗಟು, ಹೊಲದ ಮಾತು, ಅಡಿಗೆಮನೆಯ ಮಾತು. ಯಾವ ಸಾಹುಕಾರನ ಕಣಜದಲ್ಲೂ ಇಲ್ಲದಷ್ಟು. ನಾಗವರ್ಮನ ಛಂದಸ್ಸನ್ನು ಅಚ್ಚು ಹಾಕಿಸಿದರು, ಕೇಶಿರಾಜನ ವ್ಯಾಕರಣವನ್ನು ಹೊರತಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ಅವರ ಕನ್ನಡ ಇಂಗ್ಲಿಷ್ ನಿಘಂಟಿನಲ್ಲಿ ಹೆಚ್ಚೂಕಡಿಮೆ 70,000 ಶಬ್ದಗಳು, 1,700ಕ್ಕೂ ಮಿಕ್ಕಿದ ಪುಟಗಳು. ನಮ್ಮ ಕಡೆಯ ಕಾಲೇಜುಗಳ ಗ್ರಂಥಾಲಯದಲ್ಲಿ ಆ ದಪ್ಪ ಸಂಪುಟವನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟವರಿಗೆ ಗೊತ್ತು, ಅದು ಒಬ್ಬ ಮನುಷ್ಯನ ಆಯುಷ್ಯದ ತೂಕ. ಒಂದು ಶಬ್ದವನ್ನೂ ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ. 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಕಣ್ಣು ಮುಚ್ಚಿದಾಗ ಅವರ ಗಂಟು ಪೂರ್ತಿ ಕನ್ನಡಿಗರ ಮನೆಯಲ್ಲಿತ್ತು.

ಅವರಂಥವರ ಕೆಲಸವನ್ನು ಇಲ್ಲಿ ನಡೆಸಿದ ದುಡ್ಡಿನ ಕತೆಯೂ ಹೇಳುವಂಥದ್ದು. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಒಂದು ಚಿಲ್ಲರೆ ಕಾಣಿಕೆಯ ಪದ್ಧತಿ ಶುರುವಾಯಿತು. ವಾರಕ್ಕೆ ಅರ್ಧ ಬಟ್ಸನ್, ಅಂದರೆ ಐದು ಸಾಂಟೀಮ್, ನಮ್ಮ ಲೆಕ್ಕದಲ್ಲಿ ಒಂದು ಪುಡಿಗಾಸು. ಯಾರು ಬೇಕಾದರೂ ಕೊಡಬಹುದು, ಅದಕ್ಕಿಂತ ಹೆಚ್ಚು ಕೊಡಬೇಕೆಂಬ ಒತ್ತಾಯವಿಲ್ಲ. ಬಡವರೂ ಕೊಡಲಿ ಎಂದೇ ಗೊತ್ತು ಮಾಡಿದ ಮೊತ್ತ ಅದು. ಮನೆಮನೆಗೆ ಹೋಗಿ ಅದನ್ನು ವಸೂಲು ಮಾಡುವವರಿದ್ದರು. ಎಲ್ಲಿಯ ಬಾಸೆಲ್, ಎಲ್ಲಿಯ ಧಾರವಾಡ! ತಾನೆಂದೂ ಕಾಣದ ಊರಿನಲ್ಲಿ ತಾನೆಂದೂ ಕಾಣದ ಮಗು ಸಾಲೆ ಕಲಿಯಲಿ ಎಂದು ಕೂಲಿಯ ದುಡ್ಡಿನಲ್ಲಿ ವಾರವಾರ ಒಂದು ನಾಣ್ಯ ಎತ್ತಿಟ್ಟ ಆ ಹೆಸರಿಲ್ಲದ ಜನರನ್ನು ನೆನೆದರೆ ನನಗೆ ಗಂಟಲು ತುಂಬುತ್ತದೆ. ಮಿಶನ್ನಿನ ಚರಿತ್ರೆಯಲ್ಲಿ ವಿಮರ್ಶಿಸಬೇಕಾದದ್ದು ಬಹಳವಿದೆ. ಈ ನಾಣ್ಯವನ್ನು ಮಾತ್ರ ನಾನು ಯಾವ ವಿಮರ್ಶೆಗೂ ಬಿಟ್ಟುಕೊಡಲಾರೆ.

ಕೂಡಿಸಿ ಕೊಡುವ ಇದೇ ಹಾದಿಯಲ್ಲಿ ನಡೆದ ಇನ್ನೊಬ್ಬರು ನಮ್ಮ ಧಾರವಾಡದವರೇ. ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ನಿನಲ್ಲಿ ಕಲಿತು ಸಭಾಪಾಲಕರಾದರು. ಬೈಬಲ್ಲಿನ ಜೊತೆಗೆ ಅವರ ಚೀಲದಲ್ಲಿ ಇರುತ್ತಿದ್ದದ್ದು ಸರ್ವಜ್ಞನ ತ್ರಿಪದಿಗಳು. ಊರೂರು ತಿರುಗಿ, ಓಲೆಗರಿ, ಹಳೆಯ ಕಾಗದ, ಹಳ್ಳಿಯವರ ನಾಲಗೆ ಎಲ್ಲಿ ಸಿಕ್ಕರೆ ಅಲ್ಲಿಂದ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಹೆಕ್ಕಿ, ತಿದ್ದಿ, ಜೋಡಿಸಿ 1924ರಲ್ಲಿ ಪುಸ್ತಕ ಮಾಡಿದರು. ಭಿಕ್ಷೆ ಬೇಡುತ್ತ ಊರು ತಿರುಗಿದ ಕವಿಯ ಮಾತುಗಳನ್ನು ಬೇಡಿಯೇ ಒಟ್ಟುಗೂಡಿಸಿದ ಅವರಿಗೆ ತಿರುಳ್ಗನ್ನಡದ ತಿರುಕ ಎಂಬ ಹೆಸರು ನಿಂತಿತು. ಕ್ರೈಸ್ತ ಪಾಸ್ಟರು ವಚನಗಳ ಬೆನ್ನು ಹತ್ತಿದ್ದು ಎರಡೂ ಕಡೆಯ ಕೆಲವರಿಗೆ ಇರುಸುಮುರುಸಾಗಿತ್ತು. ಅವರು ನಿಲ್ಲಲಿಲ್ಲ. ಅನುಭವ ಮಂಟಪದ ಇತಿಹಾಸದ ಬಗ್ಗೆ ಬರೆದರು, ಸಿದ್ಧರಾಮನ ಸಾಹಿತ್ಯವನ್ನು ಕೂಡಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಕರೆದರು.

ನನಗೆ ಮತ್ತೆ ಮತ್ತೆ ಕಾಡುವ ಒಂದು ಯೋಚನೆ ಇದೆ. ಕೈಯೆತ್ತಿ ಕೊಟ್ಟದ್ದಷ್ಟೇ ಕೊಟ್ಟವನದಾಗಿ ಉಳಿಯುತ್ತದೆ, ಮುಚ್ಚಿಟ್ಟದ್ದು ಮತ್ತೊಬ್ಬರ ಪಾಲಾಗುತ್ತದೆ ಎಂಬ ಅರ್ಥದ ಸರ್ವಜ್ಞನ ಮಾತು ನಮ್ಮ ಕಡೆ ಎಮ್ಮೆ ಕಾಯುವ ಹುಡುಗನಿಗೂ ಗೊತ್ತು. ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯದಲ್ಲಿ ಒಬ್ಬ ಐಶ್ವರ್ಯವಂತನ ಹೊಲ ಚೆನ್ನಾಗಿ ಬೆಳೆಯುತ್ತದೆ. ಇಟ್ಟುಕೊಳ್ಳಲು ಜಾಗ ಸಾಲದೆ ಅವನು ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ನಿಶ್ಚಯಿಸುತ್ತಾನೆ. ಆ ರಾತ್ರಿಯೇ ಅವನ ಪ್ರಾಣಕ್ಕೆ ಕರೆ ಬರುತ್ತದೆ. ಕೂಡಿಸಿಟ್ಟದ್ದು ಇನ್ನು ಯಾರದಾಗುತ್ತದೆ ಎಂದು ದೇವರು ಕೇಳುತ್ತಾನೆ, ಕತೆ ಅಲ್ಲಿಗೆ ನಿಲ್ಲುತ್ತದೆ. ಯಾವುದೋ ಹಳ್ಳಿಯ ಕಟ್ಟೆಯ ಮೇಲೆ ಕೂತು ಆ ತ್ರಿಪದಿಯನ್ನು ಬರೆದುಕೊಳ್ಳುವಾಗ ಸಭಾಪಾಲಕ ಚನ್ನಪ್ಪನವರಿಗೆ ಲೂಕ ನೆನಪಾಗದೆ ಇದ್ದಾನೆಯೇ? ಯೇಸು ಎತ್ತಿದ ಪ್ರಶ್ನೆಗೆ ಕನ್ನಡದ ತಿರುಕನೊಬ್ಬ ಉತ್ತರ ಕೊಟ್ಟಿದ್ದಾನೆ ಎಂದು ಅವರ ಮೈ ಜುಮ್ಮೆಂದಿರಬೇಕು ಎಂದೇ ನಾನು ನಂಬಿದ್ದೇನೆ.

ಆದರೆ ಈ ಸಾಮ್ಯವನ್ನು ನಮ್ಮ ಸೀಮೆಯಲ್ಲಿ ಓದುವಾಗ ಒಂದು ಎಚ್ಚರ ಬೇಕು. ನಮ್ಮದು ಮಳೆ ಕೈಕೊಡುವ ನಾಡು. ನವಲಗುಂದ, ನರಗುಂದದ ಕಡೆ ಎರಿ ಹೊಲದ ಒಕ್ಕಲಿಗರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಆಳಕ್ಕೆ ತೋಡಿದ ಕುಣಿ, ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಲೂ ಹುಲ್ಲು ಹಾಸಿ ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆರೆದ ಕೂಡಲೆ ಯಾರೂ ಒಳಗೆ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಪೂರ್ತಿ ಹೊರಗೆ ಹೋಗುವ ತನಕ ಕಾಯಬೇಕು, ಅವಸರ ಮಾಡಿದವರು ಸತ್ತದ್ದೂ ಉಂಟು. 1876ರಿಂದ 78ರ ಬರ ಧಾರವಾಡ, ವಿಜಾಪುರ, ಬೆಳಗಾವಿ ಸೀಮೆಯನ್ನು ಹಿಂಡಿ ಹಾಕಿತು. ಜನ ಸಾಯುತ್ತಿದ್ದಾಗಲೂ ಈ ದೇಶದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುವುದು ನಿಲ್ಲಲಿಲ್ಲ. ಅಂಥ ನಾಡಿನ ರೈತನಿಗೆ ನಾಳೆಯ ಚಿಂತೆ ಬೇಡ, ಆಕಾಶದ ಹಕ್ಕಿಗಳನ್ನು ನೋಡು ಎಂದಷ್ಟೇ ಹೇಳಿ ಎದ್ದುಹೋದರೆ ಅದು ಉಪದೇಶವಾಗುವುದಿಲ್ಲ, ನಿರ್ದಯೆ ಆಗುತ್ತದೆ.

ಬೈಬಲ್ಲಿನಲ್ಲೇ ಯೋಸೇಫ ಇದ್ದಾನಲ್ಲ, ಏಳು ವರ್ಷದ ಸುಗ್ಗಿಯಲ್ಲಿ ಕೂಡಿಟ್ಟು ಏಳು ವರ್ಷದ ಬರ ದಾಟಿಸಿದವನು. ಸಂಡೇ ಸ್ಕೂಲಿನಲ್ಲಿ ಆ ಕತೆಯನ್ನು ಎಲ್ಲ ಮಕ್ಕಳಿಗೂ ಹೇಳಿಕೊಡುತ್ತಾರೆ. ಆದಿಕಾಂಡದ ನಾಲ್ವತ್ತೇಳನೆಯ ಅಧ್ಯಾಯವನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಯೋಸೇಫ ಆ ಧಾನ್ಯವನ್ನು ಹಂಚಲಿಲ್ಲ, ಮಾರಿದ. ಹಸಿದ ಐಗುಪ್ತದವರು ಮೊದಲು ಹಣ ಕೊಟ್ಟರು, ಹಣ ಮುಗಿದಾಗ ದನಕರು ಕೊಟ್ಟರು, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿದರು. ಜೀವ ಉಳಿಯಿತು ನಿಜ. ಸ್ವಾತಂತ್ರ್ಯ ಹೋಯಿತು. ಒಂದೇ ಕಣಜ, ಅದರಲ್ಲೇ ದಯೆಯೂ ಇತ್ತು ದಾಸ್ಯವೂ ಇತ್ತು. ದೊಡ್ಡವಳಾದ ಮೇಲೆ ಅದನ್ನು ಓದಿ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ. ಹಗೇವು ಇರಬೇಕು, ಇರಲೇಬೇಕು. ಅದರ ಬಾಯಿ ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ತೆರೆಯುತ್ತದೆ ಎಂಬುದರಲ್ಲಿ ಧರ್ಮ ಇದೆ. ಲೂಕನ ಐಶ್ವರ್ಯವಂತನ ಮಾತನ್ನು ಇನ್ನೊಮ್ಮೆ ಓದಿದರೆ ತಿಳಿಯುತ್ತದೆ: ಅವನು ಮಾತಾಡುವುದೆಲ್ಲ ತನ್ನ ಜೊತೆಗೇ. ಹೆಂಡತಿ ಇಲ್ಲ, ಆಳು ಇಲ್ಲ, ನೆರೆಮನೆ ಇಲ್ಲ.

ಬಡವರಿಗೆ ಸರಳತೆಯ ಉಪದೇಶ ಮಾಡಬಾರದು ಎಂಬುದು ನನ್ನ ಖಚಿತ ನಿಲುವು. ನಮ್ಮ ಸಭೆಯಲ್ಲಿ ಮೂರು ತಲೆಮಾರು ಬೇರೆಯವರ ಹೊಲದಲ್ಲಿ, ಬೇರೆಯವರ ಮನೆಯಲ್ಲಿ ದುಡಿದ ಕುಟುಂಬಗಳಿವೆ. ಅವರಲ್ಲಿ ಒಬ್ಬ ತಾಯಿ ಮಗಳ ಲಗ್ನಕ್ಕೆ ಮೊದಲ ಸಲ ಬಂಗಾರದ ಬೆಂಡೋಲಿ ಮಾಡಿಸಿದಾಗ, ಒಬ್ಬ ಹುಡುಗ ಮೊದಲ ಸಲ ಹೊಸ ಬೈಕ್ ತಂದು ಗುಡಿಯ ಮುಂದೆ ನಿಲ್ಲಿಸಿದಾಗ ಅದನ್ನು ಲೋಕದ ಆಸೆ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅರಣ್ಯದಲ್ಲಿ ಬಿದ್ದ ಮನ್ನವನ್ನು ಜನರು ಕೂಡಿಸಿಕೊಂಡ ಕತೆಯನ್ನು ನೋಡಿ: ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕಡಿಮೆಯೂ ಆಗಲಿಲ್ಲ. ನಾವು ನೆನಪಿಡುವುದು ಮರುದಿನಕ್ಕೆ ಇಟ್ಟದ್ದಕ್ಕೆ ಹುಳ ಬಿದ್ದದ್ದನ್ನು ಮಾತ್ರ. ಕಡಿಮೆ ಇದ್ದವನಿಗೆ ಸಾಕಾಯಿತು ಎಂಬುದು ಅದೇ ಕತೆಯ ಅರ್ಧ. ಆ ಅರ್ಧವನ್ನು ಬಿಟ್ಟು ಹೇಳುವ ಪ್ರಸಂಗ ನನಗೆ ಬೇಡ.

ಈ ವಿಷಯದಲ್ಲಿ ನಮ್ಮ ಊರು ನಮಗೆ ಒಳ್ಳೆಯ ಗುರು. ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋದವರು ಯಾರೂ ಹಸಿದು ಬರುವುದಿಲ್ಲ, ಜಾತಿ ಕೇಳುವವರಿಲ್ಲ. 1929ರಲ್ಲಿ ಸಮಾಧಿಯಾದ ಆ ಅವಧೂತರ ಪಂಗತಿ ಇನ್ನೂ ನಡೆಯುತ್ತಲೇ ಇದೆ. ನಮ್ಮ ಅಪ್ಪ ಯಾವ ಭೇದವೂ ಇಲ್ಲದೆ ಅಲ್ಲಿ ಉಂಡು ಬಂದು, ಅಪೊಸ್ತಲರ ಕಾಲದ ಸಭೆ ಹೀಗೇ ಇದ್ದಿರಬೇಕು ಅನ್ನುತ್ತಿದ್ದರು. ದುಡಿದದ್ದರಲ್ಲಿ ದಾಸೋಹ ಅನ್ನುವ ಶರಣರ ನಡೆ, ಒಬ್ಬರಿಗೂ ಕೊರತೆ ಇಲ್ಲದಂತೆ ಎಲ್ಲವನ್ನೂ ಹುದುವಾಗಿ ಇಟ್ಟುಕೊಂಡ ಯೆರೂಸಲೇಮಿನವರ ನಡೆ, ಎರಡೂ ಒಂದೇ ಓಣಿಯಲ್ಲಿ ನಮಗೆ ಸಿಕ್ಕಿರುವಾಗ ಬೇರೆ ಕಡೆ ಹುಡುಕುವ ಅಗತ್ಯವೇನು?

ನಮ್ಮಲ್ಲೂ ಒಂದು ಚೆಂದದ ಪದ್ಧತಿ ಉಳಿದಿದೆ, ಬೆಳೆ ಹಬ್ಬ. ಅಂದು ಜನ ತಮ್ಮ ಹೊಲದ, ಹಿತ್ತಲದ ಮೊದಲ ಫಲವನ್ನು ಗುಡಿಗೆ ತರುತ್ತಾರೆ. ಹೊಲ ಇಲ್ಲದ ಪೇಟೆಯವರು ಕೇಕು, ಉಪ್ಪಿನಕಾಯಿ, ಕಸೂತಿ ಹಾಕಿದ ದಿಂಬಿನ ಚೀಲ, ಒಂದು ಜೀವಂತ ಕೋಳಿ, ಏನಾದರೂ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು. ಒಂದು ಕುಂಬಳಕಾಯಿ ನೋಡಿ. ಪೇಟೆಯಲ್ಲಿ ಐವತ್ತು ರೂಪಾಯಿಗೆ ಬರುವಂಥದ್ದು, ತೊಟ್ಟಿನ ಹತ್ತಿರ ಇನ್ನೂ ಮಣ್ಣು. ಒಬ್ಬರು ಐನೂರಕ್ಕೆ ಕೂಗಿ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡವರು ಎರಡು ಹೆಜ್ಜೆ ಒಯ್ದು, ತಿರುಗಿ ಬಂದು ಅದನ್ನು ಮತ್ತೆ ಮೇಜಿನ ಮೇಲೆ ಇಡುತ್ತಾರೆ. ಮತ್ತೆ ಸವಾಲು. ಇನ್ನೊಬ್ಬರು ಆರುನೂರು, ಅವರೂ ತಂದು ಇಡುತ್ತಾರೆ. ಹೀಗೆ ಒಂದೇ ಕಾಯಿ ನಾಲ್ಕೈದು ಮನೆಯದಾಗಿ, ಯಾವ ಮನೆಗೂ ಹೋಗದೆ ಅಂಗಳದಲ್ಲೇ ಸುತ್ತುತ್ತದೆ. ಮಕ್ಕಳಿಗೆ ಅದೊಂದು ಆಟ, ಚಪ್ಪಾಳೆಯೋ ಚಪ್ಪಾಳೆ. ಆ ಹೊತ್ತಿನಲ್ಲಿ ನಮ್ಮ ಜನ ಆಸ್ತಿಯ ಬಗ್ಗೆ ಬಹಳ ದೊಡ್ಡ ಮಾತನ್ನು ಮಾತಿಲ್ಲದೆ ಆಡುತ್ತಿದ್ದಾರೆ ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ.

ಈಚೆಗೆ ಮೈಕು ಬಂದಿದೆ. ಕೊಂಡವರ ಹೆಸರು, ಅವರ ನೌಕರಿ, ಅವರ ಮಗ ಯಾವ ದೇಶದಲ್ಲಿದ್ದಾನೆ ಎಂಬುದು, ಆಮೇಲೆ ರೂಪಾಯಿ. ಐವತ್ತು ರೂಪಾಯಿಯ ಕಾಯಿಗೆ ಅರವತ್ತು ಕೂಗಲು ಬಂದ ವಿಧವೆ ಎರಡನೆಯ ಸಲಕ್ಕೆ ಸುಮ್ಮನಾಗಿಬಿಡುತ್ತಾಳೆ. ಹಿಂದಿನ ಹಬ್ಬದಲ್ಲಿ ನನ್ನ ಪಕ್ಕದಲ್ಲೇ ಒಬ್ಬಾಕೆ ಹಾಗೆ ಕೈ ಕೆಳಗೆ ಇಳಿಸಿದಳು. ಕಮಿಟಿಯ ಹಿರಿಯರನ್ನು ಕೇಳಿದೆ. “ಹೆಸರು ಕೂಗಲಿಲ್ಲಂದ್ರ ಸವಾಲ್ ಏರೂದಿಲ್ರೀ ಅಕ್ಕಾರ, ಗುಡಿಗೆ ರೊಕ್ಕ ಕಡಿಮಿ ಆಗತೈತಿ” ಅಂದರು. ಅವರ ಮಾತು ಸುಳ್ಳಲ್ಲ. ಆ ದುಡ್ಡಿನಲ್ಲೇ ಬಡ ಮಕ್ಕಳ ಸಾಲೆಯ ಫೀ ಕಟ್ಟುತ್ತಾರೆ, ನನಗೆ ಗೊತ್ತಿದೆ. ಆದರೂ ಕಡಿಮೆಯಾದರೆ ಆಗಲಿ, ಒಂದು ವರ್ಷ ವಸ್ತುವಿನ ಹೆಸರನ್ನಷ್ಟೇ ಕೂಗಿ ನೋಡೋಣ, ಕಡಿಮೆ ಬಿದ್ದದ್ದನ್ನು ನಾವು ಹತ್ತು ಮನೆಯವರು ವಾರವಾರ ಎತ್ತಿಟ್ಟು ತುಂಬಿಕೊಡೋಣ ಎಂದು ಅರ್ಜಿ ಬರೆದು ಕೊಟ್ಟಿದ್ದೇನೆ. ಮುಂದಿನ ಮೀಟಿಂಗಿನಲ್ಲಿ ಇಡುತ್ತೇವೆ ಅಂದಿದ್ದಾರೆ. ಕೈ ಇಳಿಸಿದ ಆ ಅಕ್ಕನೂ ಅರ್ಜಿಗೆ ಸಹಿ ಹಾಕಿದ್ದಾಳೆ.